ಮುನ್ನೂರ ಹದಿನೇಳನೆಯ ಸೆಕೆಂಡು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ದುಂಡೇಶನ ರಾಕೆಟ್ ಏಳನೆಯ ಸಲ ಸಮುದ್ರಕ್ಕೆ ಬಿತ್ತು. ಬೀಳಬೇಕಾದದ್ದೇ. ಆದರೆ ಇಪ್ಪತ್ತಮೂರು ಸೆಕೆಂಡು ತಡವಾಗಿ ಬಿತ್ತು.

“ತಡಾ ಒತ್ತಿದಿ ಕೋಮ್ಲಿ,” ಎಂದ ಅವನು, ಪರದೆಯಿಂದ ಕಣ್ಣು ತೆಗೆಯದೆ. “ಬೆರಳಿಗೆ ನಿದ್ದಿ ಹತ್ತೈತೇನು?”

“ನೀ ‘ಬಿಡು’ ಅಂದಕೂಡ್ಲೇ ಒತ್ತೇನಲ್ಲ ಅಣ್ಣಾ.”

“ಒಂದ್ ಕಪ್ ಚಹಾ ಕುಡುದು ಒತ್ತಿದಿ.”

ಕರೋಶಿಯ ಆ ಮನೆಯ ಪಡಸಾಲೆಯಲ್ಲಿ ಅಣ್ಣ ತಂಗಿ ಒಂದೇ ಕಂಪ್ಯೂಟರಿನ ಮುಂದೆ ಕುಳಿತಿದ್ದರು. ರಾಕೆಟ್ ಕಟ್ಟಿ ಹಾರಿಸುವ ಆಟ ಅದು. ಮೌಸ್ ದುಂಡೇಶನ ಎಡಗೈಯಲ್ಲಿ, ಕೀಲಿಮಣೆ ಕೋಮಲಳ ಮುಂದೆ; ಅವನು ‘ಬಿಡು’ ಎಂದಾಗ ರಾಕೆಟ್ಟಿನ ಹಂತ ಕಳಚುವ ಕೀಲಿ ಒತ್ತುವುದು ಅವಳ ಕೆಲಸ. ಅವನ ಬಲಗೈ ಮೊಣಕೈಯಿಂದ ಕೆಳಗೆ ಇಲ್ಲ. ಎರಡು ತಿಂಗಳಿಂದ ಅವನು ಕಟ್ಟುತ್ತಿದ್ದದ್ದು ಎಸ್‌ಎಲ್‌ವಿ-3ರ ಪ್ರತಿರೂಪ. ಉಪಗ್ರಹವನ್ನು ಕಕ್ಷೆಗೆ ಸೇರಿಸಲೆಂದು ದೇಶ ಕಟ್ಟಿದ ಮೊದಲ ರಾಕೆಟ್. ಇಪ್ಪತ್ತೆರಡು ಮೀಟರ್ ಎತ್ತರ, ಹದಿನೇಳು ಟನ್ ತೂಕ, ನಾಲ್ಕು ಹಂತ. 1980ರಲ್ಲಿ ಅದು ಗೆದ್ದಿತು. ದುಂಡೇಶ ಕಟ್ಟಿದ್ದು ಗೆದ್ದದ್ದನ್ನಲ್ಲ. ಅದಕ್ಕಿಂತ ಒಂದು ವರ್ಷ ಮೊದಲು, ಆಗಸ್ಟ್ ಹತ್ತರಂದು, ಶ್ರೀಹರಿಕೋಟಾದಿಂದ ಎದ್ದು 317ನೆಯ ಸೆಕೆಂಡಿಗೆ ಬಂಗಾಳ ಕೊಲ್ಲಿಗೆ ಬಿದ್ದದ್ದನ್ನು. ಎರಡನೆಯ ಹಂತದಲ್ಲಿ ದಿಕ್ಕು ತಿದ್ದಲು ಬೇಕಾದ ಆಮ್ಲ ಸೋರಿಹೋಗಿತ್ತು. ಆಟದಲ್ಲಿ ದುಂಡೇಶ ಆ ಟ್ಯಾಂಕನ್ನು ಮೊದಲೇ ಖಾಲಿ ಇಟ್ಟಿದ್ದ.

“ಸೋರೂದು ಯಾರಿಗೂ ಕಾಣಲಿಲ್ಲೇನು?” ಕೋಮಲ ಕೇಳಿದಳು.

“ಆಮ್ಯಾಲೆ ಕುಂತು ಹುಡುಕಿದರು. ಸಿಕ್ತು.”

“ಯಾರನ್ನರ ಕೆಲಸದಿಂದ ಬಿಡಿಸಿದರೇನು?”

“ಮುಂದಿನ ವರ್ಷ ಅದ ಮಂದಿ ಹಾರಿಸಿದರು.”

ಕೋಮಲ ಕೀಲಿಮಣೆಯ ಮೇಲಿಂದ ಕೈ ತೆಗೆದಳು. “ಮುಂಜಾನೆ ಸಾವಕ್ಕ ಬಂದಿದ್ಲು.”

ಸಾವಕ್ಕ, ಇವರ ಹಳೆಯ ಆಳು ಕಾಡಸಿದ್ದನ ಹೆಂಡತಿ. ಇವರ ತಂದೆ ಮುರಗೆಪ್ಪ ಅವಳನ್ನು ಕಟ್ಟೆಯ ಮೇಲೂ ಕೂರಿಸದೆ ಕಳಿಸಿದ್ದ.

“ಕೆಲಸ ಕೇಳಾಕ ಬಂದಿದ್ಲೇನು?”

“ಕೆಲಸ ಬ್ಯಾಡಂತ. ‘ಅಂವನ ತಪ್ಪಿದ್ದಿಲ್ಲ ಅಂತ ಮಂದಿ ಮುಂದ ಒಂದ್ ಮಾತ್ ಹೇಳ್ರಿ, ಸಾಕು’ ಅಂದ್ಲು. ಊರಾಗ ಯಾರೂ ಅವಗ ದುಡಿಯಾಕ ಕರೀವಲ್ರಂತ. ಚಿಂಚಲಿಗೆ ಹೋದ್ರ ಅಲ್ಲೂ ಸುದ್ದಿ ಮುಟ್ಟೈತಿ. ‘ಕೈ ತಿಂದಾಂವ’ ಅಂತಾರಂತ.”

ಕಳೆದ ಅಕ್ಟೋಬರಿನ ಒಂದು ಸಂಜೆ, ಮೇವು ಕತ್ತರಿಸುವ ಕಡಬಾ ಕುಟ್ಟಿ ಯಂತ್ರ ಓಡುತ್ತಿದ್ದಾಗ ಕರೆಂಟ್ ಹೋಗಿತ್ತು. ಕರೆಂಟ್ ಹೋದ ಕೂಡಲೇ ಸ್ವಿಚ್ ಬಂದ್ ಮಾಡಬೇಕು. ಇಲ್ಲದಿದ್ದರೆ ಬಂದಾಗ ಯಂತ್ರ ತಾನಾಗಿ ಓಡುತ್ತದೆ. ಅದು ಕಾಡಸಿದ್ದನ ಕೆಲಸ. ಆ ಸಂಜೆ ಅವನು ಎಮ್ಮೆಗಳಿಗೆ ನೀರು ತರಲು ಹೋಗಿದ್ದ. ಸ್ವಿಚ್ ಕಾಯಲು ಕೋಮಲಳಿಗೆ ಹೇಳಿ ಹೋಗಿದ್ದ. ಯಂತ್ರದ ಬಾಯಲ್ಲಿ ಸಿಕ್ಕಿಕೊಂಡಿದ್ದ ಮೇವನ್ನು ಬಿಡಿಸಲು ದುಂಡೇಶ ಕೈ ಹಾಕಿದ. ಕರೆಂಟ್ ನಾಲ್ಕೇ ನಿಮಿಷಕ್ಕೆ ಬಂತು. ‘ಸ್ವಿಚ್ ಕಡೆ ಕೋಮಲಕ್ಕಾರು ನಿಂತಿದ್ರಿ’ ಎಂದು ಕಾಡಸಿದ್ದ ಒಂದು ಸಲ ಹೇಳಿದ. ಮುರಗೆಪ್ಪ ಅವನ ಕಪಾಳಕ್ಕೆ ಹೊಡೆದು ಕೆಲಸದಿಂದ ಬಿಡಿಸಿದ. ಅವನು ಎರಡನೆಯ ಸಲ ಹೇಳಲಿಲ್ಲ.

“ಅಂವ ಖರೇನ ಹೇಳಿದ್ದ ಅಣ್ಣಾ,” ಎಂದಳು ಕೋಮಲ. “ಅಲ್ಲಿ ನಾನ ನಿಂತಿದ್ದೆ. ಬಂದ್ ಮಾಡಿದ್ದಿಲ್ಲ.”

“ಗೊತ್ತೈತಿ.”

ಅವಳು ತಿರುಗಿ ನೋಡಿದಳು.

“ಕೈ ಹಾಕೂ ಮೊದಲ ನಿನ್ನ ಕಡೆ ನೋಡಿದ್ದೆ. ಫೋನ್ ನೋಡಿ ನಗಾಕತ್ತಿದ್ದಿ. ಬಂದ್ ಮಾಡಿರ್ತಿ ಅಂದಕೊಂಡೆ.”

“ಗೊತ್ತಿದ್ದೂ ಅವನ ಹೆಸರು ಹೇಳಿದಿ?”

“ಹೆಸರು ಅಪ್ಪ ಹೇಳಿದ. ನಾ ಸುಮ್ನ ಇದ್ದೆ. ನೀನೂ ಸುಮ್ನ ಇದ್ದಿ.”

ಪರದೆಯ ಮೇಲೆ ಎಂಟನೆಯ ರಾಕೆಟ್ ಉಡಾವಣೆಗೆ ನಿಂತಿತ್ತು.

“ಈಗ ಹೇಳ್ತೀನಿ. ಅಪ್ಪಗ ಹೇಳ್ತೀನಿ, ಸಾವಕ್ಕಗೂ ಹೇಳ್ತೀನಿ.”

“ಹೇಳು. ಐತವಾರ ನಿಪ್ಪಾಣಿ ಮಂದಿ ನಿನ್ನ ನೋಡಾಕ ಬರ್ತಾರ, ಅವರ ಮುಂದನ ಹೇಳು. ಅಣ್ಣನ ಕೈ ತಗದಾಕಿನ್ನ ಕುದರಿ ಮ್ಯಾಲ ಕುಂದರಿಸಿ ಕರಕೊಂಡ್ ಹೋಗ್ತಾರ.” ಅವನು ಎಡಗೈಯಿಂದ ಮೌಸ್ ಸರಿಸಿದ. “ಹೋದ ಕೈ ಹೊಳ್ಳಿ ಬರಂಗಿಲ್ಲ. ನಿಂದರ ಒಂದು ದಾರಿ ಆಗ್ಲಿ. ಹಾಂ, ಕೈ ಇಡು.”

ಅವಳು ಎದ್ದಳು. ಬಾಗಿಲಿನವರೆಗೆ ಹೋದಳು. ಅಂಗಳದಲ್ಲಿ ಮುರಗೆಪ್ಪ ಹೊಸ ಆಳಿಗೆ ಮೇವಿನ ಹೊರೆ ಎಲ್ಲಿ ಇಳಿಸಬೇಕೆಂದು ತೋರಿಸುತ್ತಿದ್ದ. ಸ್ವಲ್ಪ ಹೊತ್ತು ನಿಂತು ನೋಡಿ, ವಾಪಸು ಬಂದು ಕುಳಿತಳು.

ರಾಕೆಟ್ ಎದ್ದಿತು. “ಬಿಡು,” ಎಂದ ದುಂಡೇಶ. ಅವಳ ಬೆರಳು ಅದೇ ಕ್ಷಣಕ್ಕೆ ಬಿತ್ತು. ಮೊದಲ ಹಂತ ಕಳಚಿತು. ಎರಡನೆಯದು ಹೊತ್ತಿಕೊಂಡಿತು, ಓಲಾಡಿತು, ಮಗುಚಿತು. ಮೂಲೆಯ ಗಡಿಯಾರ ಐದು ನಿಮಿಷ ಹದಿನೇಳು ಸೆಕೆಂಡು ತೋರಿಸಿದಾಗ ಅದು ನೀರಿಗೆ ಬಿತ್ತು.

“ಈಗ ಬರೋಬರಿ ಆತು,” ಎಂದ ದುಂಡೇಶ.

ಭಾನುವಾರ ಹನ್ನೊಂದು ಗಂಟೆಗೆ ನಿಪ್ಪಾಣಿಯಿಂದ ಏಳು ಜನ ಬಂದರು. ಹುಡುಗನ ತಂದೆ ದುಂಡೇಶನ ಕೈ ಹೇಗೆ ಹೋಯಿತೆಂದು ಕೇಳಿದರು. ಆಳು ಸ್ವಿಚ್ ಬಂದ್ ಮಾಡಿರಲಿಲ್ಲ ಎಂದು ಮುರಗೆಪ್ಪ ಹೇಳಿದ. ಕೋಮಲ ಅವರಿಗೆ ಚಹಾ ಕೊಟ್ಟು, ಟ್ರೇ ಹಿಡಿದು ಮುಂದಿನವರ ಬಳಿಗೆ ಹೋದಳು.