ಅನುಭವದ ಹೊಸ್ತಿಲು

ಬ್ಯಾಡಗಿ ಪೇಟೆಯ ಅಂಗಡಿಗಳಿಗೆ ಅನುಭವದ ಹೊಸ್ತಿಲು ಬಂದು ವರ್ಷವಾಗಿತ್ತು. ಗಿರಾಕಿ ಅದನ್ನು ಮೆಟ್ಟಿದರೆ ಸಾಕು, ಅಂಗಡಿಯವನ ಮನಸ್ಸಿನಲ್ಲಿದ್ದ ಭಾವ ಅವರದೇ ಎನ್ನುವಂತೆ ಅವರ ಎದೆಗೆ ತಾಕುತ್ತಿತ್ತು. ಸೀರೆ ಅಂಗಡಿಯ ಮುರಿಗೆಪ್ಪ ದಿನವೂ ಮೊಮ್ಮಗಳ ಮುಖ ನೆನೆದು, ಮನಸ್ಸಿನ ತುಂಬ ಅಕ್ಕರೆ ತುಂಬಿಕೊಂಡೇ ಗಾದಿಯ ಮೇಲೆ ಕೂರುತ್ತಿದ್ದ. ವ್ಯಾಪಾರ ಚೆನ್ನಾಗಿ ಕುದುರಿತ್ತು.

ಅಂದು ಮೆಣಸಿನಕಾಯಿ ತೊಟ್ಟು ಬಿಡಿಸುವ ಫಕೀರವ್ವ ಕೆಂಪು ಧೂಳು ಮೆತ್ತಿದ ಕಾಲಲ್ಲೇ ಬಂದಳು. ಬಿಳಿ ಗಾದಿ ಹೊಲಸಾಗುತ್ತದಲ್ಲ ಎಂದು ಮುರಿಗೆಪ್ಪನ ಮನಸ್ಸು ಸಿಂಡರಿಸಿತು. ಬಾಯಿ ಮಾತ್ರ ನಕ್ಕಿತು.

“ಬಾ ಬೇ ಯವ್ವಾ, ಕುಂದರ ಬಾ. ಏನ್ ತೋರಸ್ಲಿ?”

ಹೊಸ್ತಿಲು ಮೆಟ್ಟಿದ ಫಕೀರವ್ವ ಅಲ್ಲೇ ತಡೆದು ನಿಂತು, ತನ್ನ ಕಾಲು ನೋಡಿಕೊಂಡಳು.

“ಬಸುರಿ ಮಗಳ ಕುಬಸಕ್ಕ ಹಸರ ಸೀರಿ ಬೇಕಾಗಿತ್ರಿ ಸಾವ್ಕಾರ್ರ. ಕಾಲ್ ತೊಳ್ಕೊಂಡ್ ಬರ್ತೇನ್ರಿ,” ಎಂದು ಹೋದವಳು ತಿರುಗಿ ಬರಲೇ ಇಲ್ಲ.

ಮುರಿಗೆಪ್ಪ ತೆಗೆದಿಟ್ಟ ಹಸಿರು ಸೀರೆ ಹಾಗೇ ಬಿದ್ದಿತ್ತು. ಎಷ್ಟು ಸಲ ಮೊಮ್ಮಗಳನ್ನು ನೆನೆದರೂ ಆ ಕೆಂಪು ಕಾಲುಗಳೇ ಕಣ್ಣ ಮುಂದೆ ಬಂದವು; ತಪ್ಪು ಮಾಡಿದೆನೆಂಬ ಅಳುಕು ಮನಸ್ಸು ಬಿಟ್ಟು ಹೋಗಲಿಲ್ಲ.

ಅಷ್ಟರಲ್ಲಿ ಮೆಣಸಿನಕಾಯಿ ದಲಾಲರ ಹೆಂಡತಿ ಮದುವೆಯ ಜವಳಿಗೆಂದು ಕಾರಿನಿಂದಿಳಿದು ಒಳಗೆ ಬಂದರು. ಹೊಸ್ತಿಲು ಮೆಟ್ಟಿದ್ದೇ ಅವರ ನಗು ಆರಿತು. ಸೆರಗು ಬಿಗಿಯಾಗಿ ಹೊದ್ದು ತಲೆ ತಗ್ಗಿಸಿದರು.

“ಮುರಿಗೆಪ್ಪಣ್ಣಾರ,” ಎಂದರು ಸಣ್ಣ ದನಿಯಲ್ಲಿ, “ನಾ ಯಾರಿಗೆ ಏನ್ ಮಾಡೇನ್ರಿ?”