ನೆರಳು ಗಡಿಯಾರದ ಅಭಿಮಾನಿ

“ಇದರಿಂದ ಯಾರಿಗಾದ್ರೂ ಮೂರು ಕಾಸಿನ ಉಪಯೋಗ ಆಗಿದ್ರೆ ತೋರಿಸಮ್ಮ. ಒಬ್ಬನೇ ಒಬ್ಬ ಸಾಕು.”

ವೀಕ್ಷಣಾಲಯದ ನಿರ್ದೇಶಕರು ರಟ್ಟಿನ ನೆರಳು ಗಡಿಯಾರವನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದರು. ಭಾನುವಾರಗಳಂದು ಸಾರ್ವಜನಿಕರಿಗೆ ಅದನ್ನು ಮಾಡಲು ಕಲಿಸುವುದು ಗೈಡ್ ಹುಡುಗಿಯ ಕೆಲಸ. ಕತ್ತರಿಸು, ಮಡಿಸು, ಬಿಸಿಲಿಗಿಡು, ನೆರಳು ಬಿದ್ದ ಗೆರೆಯಲ್ಲಿ ಗಂಟೆ ನೋಡು. ತರಗತಿ ನಿಂತರೆ ಅವಳ ಕೆಲಸಕ್ಕೂ ಸೂರ್ಯಾಸ್ತ. ನಿರ್ದೇಶಕರಿಗೆ ದೂರದ ನಕ್ಷತ್ರವೆಲ್ಲ ಸ್ಪಷ್ಟ. ಎದುರಿಗೆ ನಿಂತವರು ಮಾತ್ರ ಕಾಣುತ್ತಿರಲಿಲ್ಲ. ತೀರಾ ಹತ್ತಿರವಲ್ಲವೇ, ಪಾಪ.

ಆಗಲೇ ಆತ ಬಂದ. ಇಸ್ತ್ರಿ ಮುರಿಯದ ಅಂಗಿ, ಸವೆಯದ ಬೂಟು, ಹೂವಿನಂಥ ಬೆರಳು. ಆ ಬೆರಳುಗಳ ನಡುವೆ, ಮಡಿಸಿ ಮಡಿಸಿ ಹಣ್ಣಾದ, ಗ್ರೀಸು ಮೆತ್ತಿದ ಅದೇ ರಟ್ಟು.

“ಇದು ನಿಮ್ಮಲ್ಲೇ ಮಾಡಿದ್ದಾ?”

ಹುಡುಗಿಗೆ ದೇವರೇ ಪ್ರತ್ಯಕ್ಷನಾದಂತಾಯಿತು. “ಹೌದು ಸರ್! ಉಪಯೋಗ ಆಗ್ತಿದೆಯಾ?”

“ದಿನಾ. ನಮ್ದು ದೊಡ್ಡ ಕುಟುಂಬಮ್ಮ. ಈಗ ಎಲ್ಲರ ಜೇಬಲ್ಲೂ ಇದೇ.”

ಅವಳು ನಿರ್ದೇಶಕರತ್ತ ಗೆದ್ದ ನೋಟ ಬೀರಿದಳು. ನಿರ್ದೇಶಕರು ಬೂಟು ನೋಡಿ ಕುರ್ಚಿ ಎಳೆದರು.

“ಒಂದೇ ತೊಂದರೆ,” ಎಂದ ಆತ. “ನಮ್ಮ ಗೋಡೆ ಗಡಿಯಾರ ಬೆಳಗ್ಗೆ ಇದಕ್ಕೆ ಸರಿಹೊಂದುತ್ತೆ. ಸಂಜೆಗೆ ನೋಡಿದ್ರೆ ಮುಕ್ಕಾಲು ಗಂಟೆ ಹಿಂದೆ. ಸೂರ್ಯನದ್ದೇ ತಪ್ಪಿರಬಹುದಲ್ವಾ?”

“ಸೂರ್ಯ ಕಾಲು ಗಂಟೆ ಆಚೀಚೆ ಆಗಬಹುದು ಸರ್, ಅದೂ ತಿಂಗಳುಗಟ್ಟಲೆ ತಗೊಂಡು. ಒಂದೇ ದಿನದಲ್ಲಿ ಮುಕ್ಕಾಲು ಗಂಟೆ ಮೈಗಳ್ಳತನ ಅಂದ್ರೆ ನಿಮ್ಮ ಗಡಿಯಾರದ್ದೇ.”

ಆತ ನಗಲಿಲ್ಲ. “ಬಿಸಿಲು ಬರದ ಕಟ್ಟಡದೊಳಗೆ ಇದು ನಡೆಯಲ್ಲ ಅಲ್ವಾ?”

“ಯಾಕಿಲ್ಲ ಸರ್? ಕಕ್ಕಸಿನ ಕಿಟಕಿ ಇದ್ರೂ ಸಾಕು!”

ಆತ ಗಂಭೀರವಾಗಿ ತಲೆದೂಗಿದ. ಇಷ್ಟು ಶ್ರದ್ಧೆಯ ವಿದ್ಯಾರ್ಥಿಯನ್ನು ಅವಳು ಕಂಡೇ ಇರಲಿಲ್ಲ. ನಿರ್ದೇಶಕರು ಆತನನ್ನು ತಮ್ಮ ಕೋಣೆಗೆ ಕರೆದೊಯ್ದರು. ಬಾಗಿಲು ಮುಚ್ಚಿತು.

ಮುಂದಿನ ಭಾನುವಾರ ಅವಳ ಮೇಜೇ ಇರಲಿಲ್ಲ. ಆ ಜಾಗದ ಗೋಡೆಯಲ್ಲಿ ಹೊಸ ಗಡಿಯಾರವೊಂದು ಫಳಫಳ ಹೊಳೆಯುತ್ತಿತ್ತು.

“ಉಪಯೋಗ ಇಲ್ಲ ಅಂತಲ್ಲಮ್ಮ,” ಎಂದರು ನಿರ್ದೇಶಕರು, ಗಡಿಯಾರವನ್ನೇ ಅಕ್ಕರೆಯಿಂದ ನೋಡುತ್ತ. “ತರಗತಿ ರದ್ದು, ಅಷ್ಟೆ.”

ಅಷ್ಟೇ ಅಂತೆ! ಆದರೆ ಅಂಥ ಅಭಿಮಾನಿ ಇರುವಾಗ ಹೆದರಿಕೆಯೇಕೆ? ಆತ ಬಂದು ಒಂದು ಮಾತು ಹೇಳಿದರೆ ಸಾಕಲ್ಲ. ನಿರ್ದೇಶಕರ ಮೇಜಿನ ಮೇಲೆ ಆತನ ಕಾರ್ಡು ಬಿದ್ದಿತ್ತು. ಅದರಲ್ಲಿದ್ದ ವಿಳಾಸ ಹಿಡಿದು ಸೋಮವಾರ ಬೆಳಗ್ಗೆಯೇ ಹೊರಟಳು. ಉಡುಗೊರೆಗೆಂದು ಹೊಸ ನೆರಳು ಗಡಿಯಾರವನ್ನೂ ಮಾಡಿ ಚೀಲದಲ್ಲಿಟ್ಟುಕೊಂಡಳು.

ವಿಳಾಸ ಮನೆಯದಲ್ಲ, ನಟ್ಟು ಬೋಲ್ಟಿನ ಕಾರ್ಖಾನೆಯದು. ಗೇಟಿನ ಮೇಲೆ ‘ನಾವೆಲ್ಲ ಒಂದೇ ಕುಟುಂಬ’ ಎಂದು ಬರೆದಿತ್ತು. ಕೆಳಗೆ ಆ ಕುಟುಂಬ ಕೈ ಮೇಲೆತ್ತಿ, ಸಾಲಾಗಿ ನಿಂತು, ಜೇಬು ತಡಕಿಸಿಕೊಳ್ಳುತ್ತಿತ್ತು. ಒಳಗೆ ಗಾರೆಯವನೊಬ್ಬ ಕಕ್ಕಸಿನ ಕಿಟಕಿಗೆ ಇಟ್ಟಿಗೆ ಕಟ್ಟುತ್ತಿದ್ದ.

ಕಾವಲುಗಾರ ಅವಳೆದುರೂ ಬುಟ್ಟಿ ಚಾಚಿದ. “ಅಕ್ಕಾ, ಮೊಬೈಲು, ವಾಚು, ರಟ್ಟು, ಏನಿದ್ರೂ ಇದರಲ್ಲಿ ಹಾಕಿ. ಒಳಗಡೆ ಟೈಮೆಷ್ಟು ಅಂತ ಯಜಮಾನ್ರೇ ಹೇಳ್ತಾರೆ.”