ನೆರಳಿನ ಹಕ್ಕುದಾರರು

ಬಿಸಿಲು ಐವತ್ತು ಡಿಗ್ರಿ ದಾಟತೊಡಗಿದ ಮೇಲೆ ನಗರದ ನೆರಳೆಲ್ಲ ಸರ್ಕಾರದ ಆಸ್ತಿಯಾಗಿತ್ತು. ನಾಲೆಯ ದಂಡೆಯ ಗುಡಿಸಲುಗಳ ನಡುವೆ ಚಂದಮ್ಮ ಪಾತ್ರೆ ತೊಳೆದ ನೀರು ಹಾಕಿ ಹನ್ನೆರಡು ವರ್ಷದಲ್ಲಿ ನಲವತ್ತು ಹೊಂಗೆ ಮರ ಬೆಳೆಸಿದ್ದಳು.

ಒಂದು ಮಧ್ಯಾಹ್ನ ತಂಪು ಇಲಾಖೆಯ ಅಧಿಕಾರಿ ರೇವಣಪ್ಪ ಬಂದು ಮರಗಳ ಕೆಳಗಿನ ತಾಪಮಾನ ಅಳೆದರು. ಮೂವತ್ತಾರು! ಇನ್ನು ಗುಡಿಸಲಿಗೆ ಹಕ್ಕುಪತ್ರ ಸಿಕ್ಕಂತೆಯೇ ಎಂದು ಹಿಗ್ಗಿ ಅವಳು ಚಹಾ ಕೊಟ್ಟಳು.

“ಭಾಳ ಚಲೋ ಬೆಳಿಸೀರಿ, ಅವ್ವಾ. ಇನ್ಮ್ಯಾಲ ಇದು ತಂಪು ವಲಯ. ವಾರದಾಗ ಮನಿ ಖಾಲಿ ಮಾಡ್ರಿ.”

“ಗಿಡ ಹಚ್ಚಿದಾಕಿ ನಾನಲ್ಲೇನ್ರೀ ಸಾಹೇಬ್ರ?”

“ಅದಕ್ಕ ನಿಮ್ಮ ಹೆಸರಿನ ಬೋರ್ಡು ಹಾಕ್ತೀವ್ರಿ.”

ಊರಾಚೆಯ ಬಟಾಬಯಲಿನಲ್ಲಿ ಗುಡಿಸಲಿನವರಿಗೆ ತಗಡಿನ ಮನೆಗಳು ಸಿಕ್ಕವು, ಮನೆಗೊಂದು ಹೊಂಗೆ ಸಸಿಯೂ ಸಿಕ್ಕಿತು. ಮೊದಲ ವಾರವೇ ಪಕ್ಕದ ಮನೆಯ ಹಸುಗೂಸು ಸೆಕೆಗೆ ಸತ್ತಿತು. ಅಂದೇ ಚಂದಮ್ಮನ ಸೊಸೆ ಕಸ್ತೂರಿ ಬಾಗಿಲ ಮುಂದೆ ಗುಂಡಿ ತೋಡಿ ಸಸಿ ನೆಟ್ಟಳು.

ಚಂದಮ್ಮ ಬಂದವಳೇ ಅದನ್ನು ಬೇರುಸಹಿತ ಕಿತ್ತಳು.

“ಹುಚ್ಚು ಹಿಡದದೇನ್ ಅತ್ತಿ ನಿಮಗ?” ಎಂದು ಸೊಸೆ ಕಿರುಚಿದಳು.

“ನೆಳ್ಳು ಬಿದ್ರ ಇಲ್ಲಿಂದನೂ ಎಬ್ಬಸ್ತಾರವ್ವಾ,” ಎಂದು ಚಂದಮ್ಮ ಬಿಕ್ಕಿ ಬಿಕ್ಕಿ ಅತ್ತಳು.

ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ಸಂಜೆಯೊಳಗೆ ಆ ಬೀದಿಯಲ್ಲಿ ಯಾರ ಮನೆಯ ಮುಂದೆಯೂ ಒಂದು ಸಸಿ ಉಳಿಯಲಿಲ್ಲ.